ಎದುರು ಸಾಲಿನ ಸೌಭಾಗ್ಯ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಗೋಡೆಯ ಮೇಲೆ ತೆಲುಗಿನಲ್ಲಿ ದೊಡ್ಡದಾಗಿ ಬರೆಸಿದ್ದಾರೆ, ‘ಕಷ್ಟಪಡಂಡಿ, ಎದಗಂಡಿ’ ಅಂತ. ಕಷ್ಟಪಡಿ, ಮೇಲೆ ಬನ್ನಿ ಎಂದರ್ಥ. ಪಕ್ಕದಲ್ಲಿ ಏಣಿ ಹತ್ತುತ್ತಿರುವ ಒಬ್ಬ ಹೆಂಗಸಿನ ಚಿತ್ರ. ಆ ಪರಿ ಸೆರಗು ಹಾರಿಸಿಕೊಂಡು ಹತ್ತಿದರೆ ಎರಡನೇ ಮೆಟ್ಟಿಲಿಗೇ ಸೊಂಟ ಮುರಿದುಕೊಳ್ಳುತ್ತಾಳೆ. ಚಿತ್ರ ಬರೆದ ಪುಣ್ಯಾತ್ಮ ಹೆಂಗಸು ಏಣಿ ಹತ್ತಿದ್ದನ್ನು ಯಾವತ್ತೂ ನೋಡಿದವನಲ್ಲ. ಮೊದಲು ಅದನ್ನು ನೋಡಿ ನಗುತ್ತಿದ್ದೆ. ಸೌಭಾಗ್ಯಳಿಗೆ ಹಾಗೆ ಆದ ಮೇಲೆ ಆ ಗೋಡೆ ಕಂಡರೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ನಾಗಲಕ್ಷ್ಮಿ. ಆಂಧ್ರಕ್ಕೆ ಸೇರಿದ ಮಡಕಶಿರಾ ಸೀಮೆಯಲ್ಲಿ ರತ್ನಗಿರಿ ಕೋಟೆ ಕಾಣುವಷ್ಟು ದೂರದ ಊರು ನಮ್ಮದು. ಸೌಭಾಗ್ಯ ನಮ್ಮ ಪಕ್ಕದ ಮನೆಯವಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಗಂಡ ರಾಮಾಂಜಿ ಕುರಿ ಮೇಯಿಸುತ್ತಾನೆ, ಮಗಳು ಅಂಜನಾ ಹೈಸ್ಕೂಲಿನಲ್ಲಿದ್ದಾಳೆ. ಸೌಭಾಗ್ಯಳ ವಿಷಯ ಬರೆಯಬೇಕು ಅನ್ನಿಸಿದ್ದು ಅಭಿಮಾನಕ್ಕಲ್ಲ, ಸಿಟ್ಟಿಗೆ.

ಮೊದಲು ನಮ್ಮ ಹೊಲದ ಪದ್ಧತಿ ಹೇಳಿಬಿಡುತ್ತೇನೆ. ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುವಾಗ ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತೇವೆ. ಕೈ ಚುರುಕಿನವಳು ಮೊದಲು ಮುಗಿಸುತ್ತಾಳೆ. ಹಾಗಂತ ಅವಳು ಬದುವಿನ ಮೇಲೆ ಕಾಲು ಚಾಚಿ ಕೂರುವುದಿಲ್ಲ. ಹಿಂದೆ ಬಿದ್ದವಳ ಸಾಲಿನ ಆ ತುದಿಗೆ ಹೋಗಿ, ಅಲ್ಲಿಂದ ಕಳೆ ತೆಗೆಯುತ್ತಾ ಇವಳ ಕಡೆ ಬರುತ್ತಾಳೆ. ಇದಕ್ಕೆ ನಾವು ಎದುರು ಬರುವುದು ಅನ್ನುತ್ತೇವೆ. ಸಾಲಿನ ಮಧ್ಯೆ ಎಲ್ಲೋ ಒಂದು ಕಡೆ ಇಬ್ಬರೂ ಮುಖಾಮುಖಿ ಆಗುತ್ತಾರೆ, ಎರಡು ಮಾತಾಡುತ್ತಾರೆ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಅದರಲ್ಲಿ ಉಪಕಾರ ಮಾಡಿದೆ ಅನ್ನುವ ಮಾತೇ ಇಲ್ಲ.

ನನ್ನ ಕೈ ನಿಧಾನ. ಹುಟ್ಟಿದ್ದೇ ಹಾಗೆ, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಸೌಭಾಗ್ಯಳ ಕೈ ಊರಿಗೇ ಮುಂದು. ಮದುವೆಯಾಗಿ ಬಂದ ಮೊದಲ ಮಳೆಗಾಲದಿಂದ ಅವಳೇ ನನಗೆ ಎದುರು ಬರುತ್ತಿದ್ದವಳು. ಮಧ್ಯದಲ್ಲಿ ಸಿಕ್ಕಾಗ ನಗುತ್ತಾ, “ಅಕ್ಕಯ್ಯ, ನೀನು ಅರ್ಧ ಸಾಲಿನ ಸಾವ್ಕಾರ್ತಿ ಕಣೆ. ಪೂರ್ತಿ ಸಾಲು ಯಾವತ್ತಾದ್ರೂ ಕಂಡಿದ್ದೀಯಾ?” ಅನ್ನುವಳು. “ನೀನಿರೋ ಗಂಟ ನಂಗ್ಯಾಕೆ ಬೇಕು ಪೂರ್ತಿ ಸಾಲು” ಅನ್ನುತ್ತಿದ್ದೆ ನಾನು.

ಕಾರ್ಖಾನೆಯ ಬಸ್ಸು ನಮ್ಮೂರಿಗೂ ಬರತೊಡಗಿದಾಗ ನಾವಿಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದೆವು. ಶರ್ಟಿನ ತೋಳಿನ ಪಟ್ಟಿ ಹೊಲಿಯುವ ಕೆಲಸ, ಅಕ್ಕಪಕ್ಕದ ಮಿಷನ್ನು. ಗಂಟೆಗೆ ಇಷ್ಟು ಪಟ್ಟಿ ಮುಗಿಯಬೇಕು ಅಂತ ಟಾರ್ಗೆಟ್ ಇರುತ್ತದೆ. ಮುಗಿಸದಿದ್ದವಳಿಗೆ ಎಲ್ಲರ ಮುಂದೆ ಬೈಗುಳ. ಸೌಭಾಗ್ಯ ತನ್ನದನ್ನು ಬೇಗ ಮುಗಿಸುತ್ತಿದ್ದಳು. ಮುಗಿಸಿ ಏನು ಮಾಡಬೇಕು? ನಮ್ಮೂರಿನವಳು ಮಾಡುವುದನ್ನೇ ಮಾಡಿದಳು. ನನ್ನ ಮೇಜಿನ ಮೇಲಿದ್ದ ರಾಶಿಗೆ ಕೈ ಹಾಕಿದಳು. ನಾನು ಮೇಲಿನಿಂದ ತೆಗೆದರೆ ಅವಳು ಅಡಿಯಿಂದ ತೆಗೆಯುತ್ತಿದ್ದಳು. ಆಮೇಲೆ ಆಚೆ ಕಡೆಯ ಹೆಂಗಸಿನ ರಾಶಿಗೂ ಹಾಗೆಯೇ ಹೋದಳು. ನಮ್ಮ ಸಾಲಿನಲ್ಲಿ ಬೈಗುಳವೇ ನಿಂತುಹೋಯಿತು. ಆಗ ಸೂಪರ್‌ವೈಸರ್ ಆಗಿದ್ದ ಶ್ರೀನಿವಾಸ್, ಮನುಷ್ಯ ಒಳ್ಳೆಯವನು, ಕಂಡೂ ಕಾಣದ ಹಾಗೆ ಇದ್ದ.

ಒಂದು ದಿನ ಮೇಲಿನವರ ಕಡೆಯಿಂದ ಒಬ್ಬ ಗಡಿಯಾರ ಹಿಡಿದುಕೊಂಡು ಬಂದ. ಬೆಳಗಿನಿಂದ ಊಟದ ತನಕ ಸೌಭಾಗ್ಯಳ ಬೆನ್ನ ಹಿಂದೆ ನಿಂತುಕೊಂಡಿದ್ದ. ಇವಳಿಗೋ ಹಿಗ್ಗು. ಯಾರೋ ದೊಡ್ಡವರು ತನ್ನ ಕೆಲಸ ನೋಡಲು ಬಂದಿದ್ದಾರೆ ಅಂತ ಇನ್ನಷ್ಟು ಜೋರಾಗಿ ಹೊಲಿದಳು. ನನ್ನ ರಾಶಿಯಿಂದಲೂ ತೆಗೆದು ಹೊಲಿದಳು. ಮಾರನೇ ವಾರ ಎಲ್ಲರ ಟಾರ್ಗೆಟ್ ಏರಿತು. ಒಬ್ಬಳು ಎರಡು ಕಡೆಯ ಕೆಲಸ ಮಾಡುತ್ತಿದ್ದಾಳೆ ಅಂದರೆ ಕೆಲಸ ಕಡಿಮೆ ಕೊಟ್ಟಿದ್ದೇವೆ ಅಂತಲೇ ಲೆಕ್ಕ ಅಂತೆ ಅವರಿಗೆ. ಅವಳು ನಮ್ಮನ್ನು ಬೈಗುಳದಿಂದ ಉಳಿಸಲು ಮಾಡಿದ್ದನ್ನೇ ತೆಗೆದು ನಮ್ಮೆಲ್ಲರ ಬೆನ್ನ ಮೇಲೆ ಹೇರಿದರು. ಅವರ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಸಂಜೆ ಬಸ್ಸಿನಲ್ಲಿ ಯಾರೂ ಸೌಭಾಗ್ಯಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಖಾಲಿ ಸೀಟಿನ ಮೇಲೆ ಊಟದ ಚೀಲ ಇಟ್ಟರು. ಹೇಮಾವತಿ ಊರಿನ ಕಡೆಯ ಒಬ್ಬಳು, “ಬಂದ್ಳಮ್ಮ ಮೇಡಮ್ಮು. ನಮ್ಮ ಹೊಟ್ಟೆ ಮೇಲೆ ಹೊಡೆದು ಹೆಸರು ತಗಂಡ್ಳು” ಅಂದಳು. ನಾನು ಎದ್ದು ನಿಂತು ಚೆನ್ನಾಗಿ ಜಾಡಿಸಿದೆ. “ಇಷ್ಟು ದಿನ ನಿನ್ನ ರಾಶಿ ಕರಗಿಸಿದ್ದು ಯಾರೇ? ನಿಮ್ಮಪ್ಪನಾ? ಗಡಿಯಾರ ಹಿಡಿದೋನ್ನ ಕೇಳಕ್ಕೆ ಬಾಯಿಲ್ಲ, ಇವಳ ಮೇಲೆ ಬಾಯಿ.” ಅವಳು ಕಿಟಕಿ ಕಡೆ ತಿರುಗಿಕೊಂಡಳು. ಸೌಭಾಗ್ಯ ನನ್ನ ಸೆರಗು ಎಳೆದು, “ಬಿಡಕ್ಕ, ಅವರಂದಿದ್ರಾಗೆ ಸುಳ್ಳೇನೈತೆ” ಅಂದಳು. ನನ್ನ ಸೀಟು ಕೊಟ್ಟರೂ ಕೂರದೆ ಊರು ಬರುವ ತನಕ ನಿಂತೇ ಇದ್ದಳು.

ಅದೇ ಹೊತ್ತಿಗೆ ಶ್ರೀನಿವಾಸ್ ಕೆಲಸ ಬಿಟ್ಟು ಬೇರೆ ಕಡೆ ಹೋಗುತ್ತಾನೆ ಅಂತ ಸುದ್ದಿಯಾಯಿತು. ಮ್ಯಾನೇಜರ್ ಸೌಭಾಗ್ಯಳನ್ನು ಕರೆದು, ಈ ದೊಡ್ಡ ಆರ್ಡರ್ ಮುಗಿಸಿಕೊಡು, ಆ ಜಾಗಕ್ಕೆ ನೀನೇ ಅಂದ. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಆ ದಿನ ಬಸ್ಸಿಳಿದು ಮನೆಗೆ ನಡೆಯುವಾಗ ಅವಳು ಹೇಳಿದ ಮಾತು ಇನ್ನೂ ನೆನಪಿದೆ.

“ನಾನು ಸೂಪರ್‌ವೈಸರ್ ಆದ್ರೆ ಯಾರನ್ನೂ ಬೈಯಕ್ಕಿಲ್ಲ ಕಣಕ್ಕ. ಬೇಗ ಮುಗಿಸ್ದೋಳು ಪಕ್ಕದೋಳಿಗೆ ಎದುರು ಬರ್ಬೇಕು ಅಂತ ಲೈನಿಗೆಲ್ಲ ಹೇಳ್ತೀನಿ. ಆಗ ಈ ಟಾರ್ಗೆಟ್ಟೂ ಯಾರಿಗೂ ಭಾರ ಆಗಲ್ಲ. ಇವರ ಕೋಪನೂ ಇಳೀತದೆ.”

ಇಷ್ಟೇ ಅವಳ ಆಸೆ. ಕುರ್ಚಿ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರಬೇಕು ಅಂತಲ್ಲ. ಬಸ್ಸಿನಲ್ಲಿ ಮತ್ತೆ ಒಂದು ಸೀಟು ಬೇಕಾಗಿತ್ತು ಅವಳಿಗೆ.

ಅದಕ್ಕಾಗಿ ಅವಳು ದುಡಿದ ರೀತಿ ನೋಡಲಾಗುತ್ತಿರಲಿಲ್ಲ. ಎದ್ದು ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಟ್ಟಳು. ಬಲ ಮಣಿಕಟ್ಟು ಊದಿಕೊಂಡಿತು, ಬಟ್ಟೆಯ ಚೂರು ಬಿಗಿಯಾಗಿ ಸುತ್ತಿಕೊಂಡು ಹೊಲಿದಳು. ಮನೆಯಲ್ಲಿ ಮುದ್ದೆ ತಿರುವಲು ಕೈ ಬಾರದೆ ಅಂಜನಾಳೇ ತಿರುವುತ್ತಿದ್ದಳು. ನಾನು ಬೈದರೆ, “ಇನ್ನೊಂದು ಸ್ವಲ್ಪ ದಿನ ಕಣಕ್ಕ” ಅನ್ನುವಳು. ಗೋಡೆಯ ಮೇಲೆ ಬರೆದದ್ದನ್ನು ನಿಜವಾಗಿ ನಂಬಿದವಳು ಇಡೀ ಕಾರ್ಖಾನೆಯಲ್ಲಿ ಅವಳೊಬ್ಬಳೇ ಇರಬೇಕು. ಬರೆಸಿದವರಂತೂ ನಂಬಿರಲಿಲ್ಲ.

ಆರ್ಡರ್ ಮುಗಿಯಿತು. ಸೋಮವಾರ ಬೆಳಿಗ್ಗೆ ನಮ್ಮ ಲೈನಿನ ಮುಂದೆ ನೀಲಿ ಕೋಟು ಹಾಕಿಕೊಂಡು ಒಬ್ಬ ಹುಡುಗ ನಿಂತಿದ್ದ. ಗೋವರ್ಧನ್ ಅಂತ ಹೆಸರು, ಕಾರ್ಖಾನೆಗೆ ಬಸ್ಸು ಬಿಟ್ಟಿರುವ ಕಂಟ್ರಾಕ್ಟರನ ತಂಗಿ ಮಗ. ಸೂಜಿಗೆ ದಾರ ಯಾವ ಕಡೆಯಿಂದ ಪೋಣಿಸುತ್ತಾರೆ ಅಂತಲೂ ತಿಳಿಯದು. ಅವನೇ ನಮಗೆ ಸೂಪರ್‌ವೈಸರ್.

ಸೌಭಾಗ್ಯ ತನ್ನ ಮಿಷನ್ನಿಗೆ ಹೋಗಿ ಕೂತಳು. ಊಟದ ಹೊತ್ತಿಗೆ ನಾನೇ ಅವಳ ಕೈ ಹಿಡಿದು ಮ್ಯಾನೇಜರನ ಕೋಣೆಗೆ ಎಳೆದುಕೊಂಡು ಹೋದೆ. ಅವನು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ, ನನ್ನದು ಒಂದು ಮಾತೂ ಸೇರಿಸಿಲ್ಲ.

“ನೋಡಮ್ಮ, ಸೌಭಾಗ್ಯನ್ನ ಮಿಷನ್ ಮೇಲಿಂದ ಎಬ್ಬಿಸಿದರೆ ಇಂಥ ಕೈ ನನಗೆ ಎಲ್ಲಿ ಸಿಗುತ್ತದೆ? ಓಡಾಡಿಕೊಂಡು ಕೂಗುವುದಕ್ಕೆ ಯಾರಾದರೂ ಆಗುತ್ತದೆ. ಈ ಹುಡುಗನಿಗೆ ಹೊಲಿಯಲು ಬರುವುದಿಲ್ಲ, ಅದಕ್ಕೇ ಅಲ್ಲಿ ನಿಲ್ಲಿಸಿದ್ದೇನೆ.”

“ಹಂಗಾದ್ರೆ ಅವಳು ಕೆಟ್ಟದಾಗಿ ಹೊಲ್ದಿದ್ರೆ ಮೇಲೆ ಬರ್ತಿದ್ಳಾ ಸಾರ್?” ಅಂದೆ.

ಅವನು ನಕ್ಕ. ನಾನೇನೋ ತಮಾಷೆ ಮಾಡಿದೆ ಅಂದುಕೊಂಡ. ಮೇಜಿನ ಕೆಳಗಿನಿಂದ ಒಂದು ಸ್ಟೀಲಿನ ನೀರಿನ ಬಾಟಲಿ ತೆಗೆದು ಸೌಭಾಗ್ಯಳಿಗೆ ಕೊಟ್ಟ, ಬೆಸ್ಟ್ ಆಪರೇಟರ್ ಅಂತ. ಅವಳ ಫೋಟೊ ತೆಗೆಸಿ ಏಣಿಯ ಚಿತ್ರದ ಪಕ್ಕದಲ್ಲೇ ಅಂಟಿಸುತ್ತೇವೆ ಅಂದ. ಗೋವರ್ಧನ್‌ಗೆ ಕೆಲಸ ಹೇಳಿಕೊಡುವ ಜವಾಬ್ದಾರಿಯೂ ನಿನ್ನದೇ ಅಂದ. ನೀರು ಕುಡಿಯುವುದನ್ನು ಬಿಡಿಸಿದವರು ಕುಡಿಯಲು ಬಾಟಲಿ ಕೊಟ್ಟು ಕಳಿಸಿದರು. ಅದನ್ನು ಅವನ ಮೇಜಿನ ಮೇಲೆ ಕುಕ್ಕಿ ಬರಬೇಕಾಗಿತ್ತು. ಆದರೆ ಇಸಕೊಂಡವಳು ಅವಳು. “ಥ್ಯಾಂಕ್ಸ್ ಸಾರ್” ಅಂದು ಎದೆಗೆ ಅವುಚಿಕೊಂಡು ಹೊರಗೆ ಬಂದಳು.

ಅವಳು ಅತ್ತಿದ್ದರೆ, ಕೂಗಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಕೆಲಸವನ್ನೂ ಬಿಡಲಿಲ್ಲ, ಮನೆ ನಡೆಯಬೇಕಲ್ಲ. ಗೋವರ್ಧನ್‌ಗೆ ದಾರ ಪೋಣಿಸುವುದನ್ನು ಕಲಿಸಿದಳು. ತನ್ನ ರಾಶಿ ಮುಗಿದ ಮೇಲೆ ಕೈ ಕಟ್ಟಿಕೊಂಡು ನೆಲ ನೋಡುತ್ತಾ ಕೂತಿರುತ್ತಿದ್ದಳು. ನನ್ನ ರಾಶಿಗೆ ಕೈ ಹಾಕುವುದನ್ನು ನಿಲ್ಲಿಸಿದಳು. ಗೋವರ್ಧನ್ ನನ್ನನ್ನು ಬೈಯುವಾಗಲೂ ತಲೆ ಎತ್ತಲಿಲ್ಲ. ನಾನು ತಪ್ಪು ತಿಳಿಯಲಿಲ್ಲ. ಕಾರ್ಖಾನೆ ಅಂದ ಮೇಲೆ ಕಾರ್ಖಾನೆ, ಅಲ್ಲಿ ಹಾಗೆಯೇ ಇರಬೇಕು, ಕೊನೆಗೂ ಬುದ್ಧಿ ಬಂತು ಇವಳಿಗೆ ಅಂದುಕೊಂಡೆ.

ಹೋದ ಭಾನುವಾರ ನಮ್ಮ ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುವುದಿತ್ತು. ಅವಳ ಹೊಲಕ್ಕೆ ನಾನು ಹೋಗಿದ್ದೆ, ನಮ್ಮದಕ್ಕೆ ಅವಳು ಬಂದಳು. ಇಬ್ಬರೇ ಇದ್ದೆವು. ರಾತ್ರಿ ಮಳೆ ಬಿದ್ದು ಮಣ್ಣು ಮೆತ್ತಗಿತ್ತು, ಹುಲ್ಲು ಬೇರು ಸಮೇತ ಬರುತ್ತಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೇ ಇದ್ದರೂ ಅವಳು ಎಂದಿನಂತೆ ನನ್ನನ್ನು ಹಿಂದೆ ಹಾಕಿ ಮುಂದೆ ಹೋದಳು. ನಾನು ತಲೆ ಬಗ್ಗಿಸಿಕೊಂಡು ನನ್ನ ಪಾಡಿಗೆ ತೆಗೆಯುತ್ತಾ ಅರ್ಧ ಸಾಲಿಗೆ ಬಂದೆ. ಇನ್ನೇನು ಅವಳ ಕೈ ಬಳೆಯ ಸದ್ದು ಕೇಳಬೇಕು ಅಂತ ತಲೆ ಎತ್ತಿದೆ. ಮುಂದೆ ಯಾರೂ ಇರಲಿಲ್ಲ, ಬರೀ ಕಳೆ. ಸೌಭಾಗ್ಯ ಆ ತುದಿಯ ಬದುವಿನ ಮೇಲೆ ಕೈ ಕಟ್ಟಿಕೊಂಡು, ನೆಲ ನೋಡುತ್ತಾ ಕೂತಿದ್ದಳು.

“ಯಾಕೆ, ಕೈ ನೋಯ್ತೈತೇನೆ?” ಅಂದೆ.

“ಇಲ್ಲಕ್ಕ.”

“ಮತ್ತೆ ಎದುರು ಬಾರೆ.”

ಅವಳು ತಲೆ ಅಲ್ಲಾಡಿಸಿದಳು. “ಬ್ಯಾಡ ಕಣಕ್ಕ. ನಾನು ಬಂದ್ರೆ ನಾಳೆಯಿಂದ ನಿಂಗೆ ಎರಡು ಸಾಲು ಮಾಡ್ತಾರೆ.”

“ಯಾರೇ ಮಾಡೋರು? ಇದು ನನ್ನ ಹೊಲ ಕಣೆ, ಸೌಭಾಗ್ಯ.”

ಅವಳು ಮೆಲ್ಲಗೆ ಕತ್ತು ತಿರುಗಿಸಿ ತನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಗಡಿಯಾರ ಹಿಡಿದವರು ಯಾರೂ ಇರಲಿಲ್ಲ, ರಾಮಾಂಜಿಯ ಕುರಿಗಳಿದ್ದವು ಅಷ್ಟೆ.

ನಾನು ಅರ್ಧ ಸಾಲಿನಲ್ಲಿ ಕುಡುಗೋಲು ಹಿಡಿದು ಎದ್ದು ನಿಂತೆ. ಸೂಪರ್‌ವೈಸರ್ ಕೆಲಸ ಕೊಡದಿದ್ದರೆ ಅತ್ತ ಹಾಳಾಗಿ ಹೋಗಲಿ. ನಮ್ಮ ಹೊಲದಿಂದ ಈ ಎದುರು ಬರುವುದನ್ನು ಎತ್ತಿಕೊಂಡು ಹೋಗಲು ಅವರು ಯಾರು? ಕೂಗಿ ಕೇಳೋಣ ಅಂದರೆ ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆಮೇಲೆ ಬಗ್ಗಿ ಮಿಕ್ಕ ಅರ್ಧವನ್ನೂ ನಾನೇ ತೆಗೆದೆ. ಅವಳು ಬದುವಿನ ಮೇಲೆ ಕೂತೇ ಇದ್ದಳು.