ಸಿಹಿನೀರು ಒಗ್ಗದ ಜೀವಗಳು

ಅಡುಗೆಮನೆಯಿಂದ ಉಪ್ಪು ಬೆರೆಸಿದ ಮಾವಿನಕಾಯಿಯ ವಾಸನೆ ಬರುತ್ತಿದೆ. ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಹೊನ್ನಾಳಿಯ ಈ ಮನೆಯ ಮಾಳಿಗೆ ಮೇಲೆ ನನ್ನ ಹೆಂಡತಿ ಶೈಲಜಾ ಬಿಸಿಲಿಗಿಟ್ಟಿದ್ದ ಗುಲಾಬಿ ಬಣ್ಣದ ಉಪ್ಪುನೀರಿನ ಸೀಸೆ ನೆನಪಾಗುತ್ತದೆ.

ಸೊಕ್ಕೆ ಊರಿನ ಹುಡುಗಿ ಅವಳು. ಮದುವೆಯಾದ ಮೇಲೂ ಸಂಶೋಧನೆ ಬಿಡಲಿಲ್ಲ. ಕಲ್ಲುಪ್ಪಿನಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಆರ್ಕಿಯಾ ಎಂಬ ಜೀವಿಗಳು ಅವಳ ವಿಷಯ. ಬ್ಯಾಕ್ಟೀರಿಯಾದಂತೆ ಕಂಡರೂ ಕುಲವೇ ಬೇರೆ. ನಾನೋ ಅಡಿಕೆ ಮಂಡಿಯವನು. ಉಪ್ಪೆಂದರೆ ಸಾರಿಗೆ ಹಾಕುವುದು ಎಂಬಲ್ಲಿಗೆ ನನ್ನ ವಿಜ್ಞಾನ ಮುಗಿಯುತ್ತಿತ್ತು. ಬೇಸಿಗೆ ರಜೆಗೆ ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದಾಗ ಅವುಗಳನ್ನು ಬೆಳೆಸುವ ಸೀಸೆ ನಮ್ಮ ಮಾಳಿಗೆ ಏರಿತು.

"ಉಪ್ಪುನೀರು ಕಾಯಾಕೆ ಇಷ್ಟು ಓದಬೇಕೇನವ್ವಾ?" ಎಂದಿದ್ದಳು ನನ್ನ ಅವ್ವ.

ಒಂದು ದಿನ ಸೀಸೆಯ ನೀರು ಇಂಗಿದ್ದು ನೋಡಿ, ಪಾಪ ಎಂದು ಅವ್ವ ಬಿಂದಿಗೆಯ ಸಿಹಿನೀರು ತುಂಬಿಸಿಬಿಟ್ಟಳು. ಜೀವಿಗಳೆಲ್ಲ ಒಡೆದು ಸತ್ತವು. ವಾರಗಟ್ಟಲೆ ಬೆಳೆಸಿದ್ದು, ಗೈಡಿಗೆ ತೋರಿಸುವ ದಿನ ಹತ್ತಿರವಾಗಿತ್ತು. ಶೈಲಜಾ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

"ನೀರು ಹಾಕಿದ್ರೆ ಸಾಯೋ ಜೀವ ಎಲ್ಲೈತೆ?" ಅವ್ವ ಗಾಬರಿಯಾದಳು.

"ಐತ್ರೀ ಅತ್ತೆ. ಉಪ್ಪೇ ಅವನ್ನ ಹಿಡಿದಿಡೋದು," ಎಂದು ಇವಳು ಕಣ್ಣೊರೆಸಿಕೊಂಡಳು. ಒಂದೂ ಬಿರುಸು ಮಾತಾಡಲಿಲ್ಲ. ಗೈಡಿನ ಹತ್ತಿರ ಕಾಲಾವಕಾಶ ಕೇಳಿ ಹೊಸ ಸೀಸೆ ಹೂಡಿದಳು. ಈ ಸಲ ಅವ್ವನದೇ ಕಾವಲು. ಒದ್ದೆ ಬಟ್ಟೆ ಹರವಲು ಹೋದರೆ "ದೂರ ನಿಲ್ಲು, ನೀರು ಸಿಡಿದೀತು" ಎಂದು ನನಗೂ ಗದರಿಕೆ.

ಶೈಲಜಾ ಸೀಸೆಯೊಳಗಿನ ಗಾಳಿ ಕಡಿಮೆ ಮಾಡಿ ಬೆಳಕಿಗಿಟ್ಟ ಮೇಲೆ ನೀರಿನ ಬಣ್ಣ ನೇರಳೆಗೆ ತಿರುಗಿತು. ರಜೆ ಮುಗಿದಿತ್ತು. ತಾನು ಪಾಠ ಮಾಡುವ ನ್ಯಾಮತಿಯ ಕಾಲೇಜಿಗೆ ನಮ್ಮಿಬ್ಬರನ್ನೂ ಕರೆದೊಯ್ದು, ಹುಳಿ ಅಳೆಯುವ ಮೀಟರು ಅದ್ದಿ ದೀಪ ಹಾಕಿದಳು. ಅಂಕಿ ಮೆಲ್ಲಗೆ ಇಳಿಯಿತು, ಎಂದರೆ ಹುಳಿ ಹೆಚ್ಚಿತು. ಆರಿಸಿದಾಗ ಏರಿತು. ಆ ಜೀವಿಗಳ ಪೊರೆಯಲ್ಲಿ ನೇರಳೆ ಪ್ರೋಟೀನು ಇದೆಯಂತೆ. ಬೆಳಕು ಬಿದ್ದೊಡನೆ ಅದು ಪಂಪಿನಂತೆ ಒಳಗಿನ ಪ್ರೋಟಾನುಗಳನ್ನು ಹೊರತಳ್ಳುತ್ತದೆ, ನೀರು ಹುಳಿಯಾಗುತ್ತದೆ. ಆ ಪ್ರೋಟಾನುಗಳು ಮರಳಿ ಒಳನುಗ್ಗುವ ರಭಸದಲ್ಲೇ ಬದುಕಲು ಬೇಕಾದ ಶಕ್ತಿ. ಎಲೆಯ ಹಸಿರಿನ ಹಂಗಿಲ್ಲ.

"ಇನ್ನೊಂದ್ಸಲ ಹಾಕವ್ವಾ," ಎಂದಳು ಅವ್ವ. ಅಂಕಿ ಮತ್ತೆ ಇಳಿಯಿತು. ಅವ್ವ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು.

ಈಗ ಶೈಲಜಾಗೆ ಡಾಕ್ಟರೇಟ್ ಬಂದಿದೆ. ಇವತ್ತು ಗೋವಿನಕೋವಿಯಿಂದ ಬಂದ ಚಿಕ್ಕಮ್ಮ ಮೊಣಕಾಲು ನೀಡಿ ಕೂತು, "ನಿನ್ನ ಸೊಸೆ ಡಾಕ್ಟರಂತಲ್ಲಕ್ಕಾ, ನೋವಿಗೆ ಮಾತ್ರೆ ಬರಿಯಾಕೆ ಹೇಳು" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಮಾತ್ರೆ ಬರಿಯೋರು ಬೇಕಾದಷ್ಟು ಜನ ಅದಾರೆ. ಬೆಳಕು ಉಂಡು ಬದುಕೋ ಜೀವ ಸಾಕಿದೋಳು ಇವಳು. ಹೆಂಗೆ ಅಂತ ಹೇಳ್ತೀನಿ, ಕೇಳು" ಎಂದು ಶುರುಮಾಡಿದಳು.

ನಾನೂ ಕೂತು ಪೂರ್ತಿ ಕೇಳಿದೆ. ಒಂದು ಮಾತೂ ತಪ್ಪಿರಲಿಲ್ಲ.