ಹೊಟ್ಟೆಯಲ್ಲಿ ನೀರು ಹೊತ್ತ ಜರ್ಮನ್ ಎಂಜಿನ್

ನಾನು ಹೈದರಾಬಾದಿನ ಅಂಚಿನ ಒಂದು ಕಾರ್ಖಾನೆಗೆ ಸಹಾಯಕ ಎಂಜಿನಿಯರಾಗಿ ಸೇರಿದಾಗ ಅಲ್ಲೊಂದು ಜರ್ಮನ್ ಉಗಿ ಎಂಜಿನ್ ಇತ್ತು. ರೈಲ್ವೆ ಸ್ಟೇಷನ್ನಿನಿಂದ ಕಾರ್ಖಾನೆಯ ತನಕ ಕಲ್ಲಿದ್ದಲಿನ ವ್ಯಾಗನ್ ಎಳೆಯುವುದು ಅದರ ಕೆಲಸ. ನಿಜಾಮರ ಕಾಲದಲ್ಲಿ ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದು, ಮೊದಲು ಯಾವುದೋ ಕೆರೆಯ ಕಟ್ಟೆಗೆ ಕಲ್ಲು ಸಾಗಿಸಿ, ಆಮೇಲೆ ನಮ್ಮಲ್ಲಿಗೆ ಬಂದಿತ್ತಂತೆ. ದೊಡ್ಡ ಎಂಜಿನ್ನುಗಳ ಹಾಗೆ ಅದರ ಹಿಂದೆ ನೀರಿನ ಬಂಡಿ ಇರಲಿಲ್ಲ. ಮಾಡಿದವರು ನೀರಿನ ತೊಟ್ಟಿಯನ್ನು ಬಾಯ್ಲರಿನ ಕೆಳಗೆ, ಚಕ್ರಗಳ ನಡುವೆ ಹುದುಗಿಸಿದ್ದರು. ಭಾರವೆಲ್ಲ ಕೆಳಗಿದ್ದುದರಿಂದ ಇಕ್ಕಟ್ಟಿನ ತಿರುವಿನಲ್ಲೂ ಅದು ಹೊಯ್ದಾಡುತ್ತಿರಲಿಲ್ಲ. ತಾಮ್ರದ ಒಲೆ ಸವೆದಾಗ ಉಕ್ಕಿನದು ಕೂರಿಸಿದ್ದರು. ಚಿಮಣಿ ಎರಡು ಸಲ ಬದಲಾಗಿತ್ತು. ತೊಟ್ಟಿ ಮಾತ್ರ ಜರ್ಮನಿಯದೇ.

ಡ್ರೈವರ್ ಬೀದರ ಕಡೆಯವರು, ಐವತ್ತು ದಾಟಿದವರು. ನಮ್ಮ ಮನೆತನ ಕಲಬುರ್ಗಿ ಕಡೆಯದಾದ್ದರಿಂದ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಎಂಜಿನ್ನಿಗೆ ನೀರು ಸಾಲದೇ ಹೋಯಿತು. ಮಧ್ಯಾಹ್ನದವರೆಗೆ ಬರುತ್ತಿದ್ದ ನೀರು ಹತ್ತು ಗಂಟೆಗೇ ಮುಗಿಯತೊಡಗಿತು. ನಿಂತ ಎಂಜಿನ್ನಿನ ಕೆಳಗೆ ಒಂದು ಹನಿಯೂ ಇರುತ್ತಿರಲಿಲ್ಲ. ಆಗ ಊರಿಗೆಲ್ಲ ನೀರಿನ ಬರ. ಹಳಿಯ ಪಕ್ಕದ ಗುಡಿಸಲುಗಳ ಹೆಂಗಸರು ಕೊಡ ಹಿಡಿದು ನಿಂತಿರುತ್ತಿದ್ದರು. ಮ್ಯಾನೇಜರು ನನ್ನನ್ನು ಕರೆದು, ಡ್ರೈವರ್ ನೀರು ಮಾರಿಕೊಳ್ಳುತ್ತಿರಬೇಕು, ಒಂದು ಕಣ್ಣಿಡು ಎಂದರು.

ಕಣ್ಣಿಟ್ಟ ಮೇಲೆ ಎಲ್ಲವೂ ಬೇರೆಯಾಗಿಯೇ ಕಾಣತೊಡಗಿತು. ಗೇಟಿನ ಕಾವಲುಗಾರನ ಜೊತೆ ಅವರು ನಕ್ಕರೆ ಅದರಲ್ಲೂ ಏನೋ ಇದೆ ಅನ್ನಿಸುತ್ತಿತ್ತು.

"ಕಾಕಾ, ತಿರುವಿನ್ಯಾಗ ಯಾಕ ನಿಂತಿದ್ರಿ?"

"ಎಮ್ಮಿ ಅಡ್ಡ ಬಂದಿತ್ರಿ ಸಾಹೇಬ್ರ."

ನನಗೆ ಎಮ್ಮೆ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಬೇವಿನ ಮರದ ಮರೆಯಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ಅವರು ಎಂಜಿನ್ ನಿಲ್ಲಿಸಿ, ಬಸುರಿ ಹೆಂಗಸೊಬ್ಬಳ ಕೊಡಕ್ಕೆ ನೀರು ಬಿಟ್ಟರು. ನಾನು ಕಂಡದ್ದು ಒಂದೇ ಕೊಡ. ವರದಿಯಲ್ಲಿ ಮಾತ್ರ 'ನೀರು ಹೊರಗೆ ಹೋಗುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ' ಎಂದು ಬರೆದೆ. ಅವರನ್ನು ಸಸ್ಪೆಂಡ್ ಮಾಡಿದರು.

ಆ ಕಾಗದವನ್ನು ನಾನೇ ಕೊಡಬೇಕಾಯಿತು. "ಒಂದು ಕೊಡ ಕೊಟ್ಟಿದ್ದು ಖರೆ ಐತ್ರಿ," ಎಂದರು. "ಉಳಿದ ನೀರು ಎಲ್ಲಿ ಹೋಗಾಕತ್ತೈತಿ ಅಂತ ಎಂಜಿನ್ನಿಗೇ ಕೇಳ್ರಿ."

ಹೊಸ ಡ್ರೈವರ್ ಬಂದರೂ ನೀರು ಹತ್ತು ಗಂಟೆಗೇ ಮುಗಿಯಿತು. ಒಂದು ವಾರ ನಾನು ಅವನನ್ನೂ ಅನುಮಾನಿಸಿದೆ. ಕೊನೆಗೆ ಎಂಜಿನ್ನಿನ ಪಕ್ಕದಲ್ಲೇ ನಡೆದೆ. ತಿರುವಿಗೆ ಬಂದಾಗ ಬಗ್ಗಿ ನೋಡಿದರೆ, ಎಂಜಿನ್ನಿನ ಮೈ ತಿರುಚಿದ ಒತ್ತಡಕ್ಕೆ ತೊಟ್ಟಿಯ ತಳದ ಬೆಸುಗೆ ತುಟಿಯ ಹಾಗೆ ತೆರೆದುಕೊಂಡು ನೀರು ಧಾರೆಯಾಗಿ ಸುರಿಯುತ್ತಿತ್ತು. ಕಾದ ಜಲ್ಲಿಕಲ್ಲು ಅದನ್ನು ಹಾಗೆಯೇ ಕುಡಿದುಬಿಡುತ್ತಿತ್ತು. ಹಳಿ ನೇರವಾದದ್ದೇ ಬಿರುಕು ಮುಚ್ಚಿಕೊಂಡಿತು. ನಾನು ಅಲ್ಲೇ ಹಳಿಯ ಪಕ್ಕ ಕೂತೆ.

ವಿಷಯ ತಿಳಿದ ಮ್ಯಾನೇಜರು ಮುಖ ಸಿಂಡರಿಸಿ, ಹಳೇ ಡ್ರೈವರ್ ಅರ್ಜಿ ಕೊಟ್ಟರೆ ವಾಪಸ್ ತೆಗೆದುಕೊಳ್ಳೋಣ ಎಂದರು. ನಾನೇ ಕಾಕಾನ ಹೆಸರಿನಲ್ಲಿ ಇಂಗ್ಲಿಷಿನ ಅರ್ಜಿ ಬರೆದು ಶಂಶಾಬಾದಿನ ಹತ್ತಿರವಿದ್ದ ಅವರ ಮನೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮ್ಮನ್ನ ಯಾರು ಕಳಿಸ್ಯಾರ್ರಿ?"

"ಯಾರೂ ಇಲ್ಲ ಕಾಕಾ. ನಾನೇ ಬಂದೀನಿ. ಓದ್ತೀನಿ ಕೇಳ್ರಿ."

"ಬರದವ್ರೂ ನೀವು, ಓದಾವ್ರೂ ನೀವು. ಮೊದಲಿಂದು ಬರದಿದ್ದೂ ನೀವೇ ಅಲ್ರಿ?"

ಸಹಿ ಹಾಕಲಿಲ್ಲ. ಕೋಠಿ ಪೇಟೆಯಲ್ಲಿ ಅರ್ಜಿ ಬರೆದುಕೊಡುವ ಒಬ್ಬರಿಂದ ಅದನ್ನು ಎರಡು ಸಲ ಓದಿಸಿದರೆಂದು ಆಮೇಲೆ ತಿಳಿಯಿತು. ಮುಂದಿನ ವಾರ ಸಹಿ ಹಾಕಿ ತಂದರು.

ತೊಟ್ಟಿಗೆ ತೇಪೆ ಬಿತ್ತು. ಡೀಸೆಲ್ ಎಂಜಿನ್ ಬರುವ ತನಕ, ಮತ್ತೆರಡು ಬೇಸಿಗೆ, ಅದು ಓಡಿತು. ಆದರೆ ಕೆಲಸಕ್ಕೆ ಮರಳಿದ ಕಾಕಾ ದಿನಾ ಬೆಳಿಗ್ಗೆ ನೀರು ತುಂಬಿದ ಮೇಲೆ, ತೊಟ್ಟಿ ನೋಡಲು ಬರಬೇಕೆಂದು ನನಗೆ ಹೇಳಿ ಕಳಿಸುತ್ತಿದ್ದರು.

"ಇನ್ನ ಬ್ಯಾಡ ಬಿಡ್ರಿ ಕಾಕಾ," ಎಂದೆ ಒಂದು ದಿನ.

"ಬೇಕ್ರಿ. ನಾಳೆ ನಿಮ್ಮ ಕಣ್ಣಿಗೆ ಏನು ಕಾಣತೈತೋ ನನಗೇನು ಗೊತ್ತು?"

ನಾನು ಬಗ್ಗಿ ನೋಡಿ, ತುಂಬಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ ಮೇಲೆಯೇ ಅವರು ಎಂಜಿನ್ ಹತ್ತುತ್ತಿದ್ದರು.