ಲೈಸೆನ್ಸ್ ಇದೆ, ವೋಟಿಲ್ಲ

ಮನೆಮನೆಗೆ ಹೋಗಿ ಮತದಾರರ ಹೆಸರು ಬರೆದುಕೊಳ್ಳುವ ಕೆಲಸ ನಮ್ಮಂಥ ಸರ್ಕಾರಿ ಶಾಲೆ ಮೇಡಂಗಳ ತಲೆಗೇ ಬೀಳುತ್ತದೆ. ಅದೂ ಹೊನ್ನವಳ್ಳಿಯ ಬಿಸಿಲಿನಲ್ಲಿ, ತೋಟದಿಂದ ತೋಟಕ್ಕೆ. ಆ ವರ್ಷ ನಾನು ಸಿಡಿಸಿಡಿ ಎನ್ನುತ್ತಲೇ ಓಡಾಡಿದೆ.

ಊರಿನ ಮಕ್ಕಳನ್ನು ತಿಪಟೂರಿನ ಖಾಸಗಿ ಶಾಲೆಗಳಿಗೆ ವ್ಯಾನಿನಲ್ಲಿ ಕರೆದೊಯ್ಯುವ ಡ್ರೈವರನ ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ನನ್ನ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ. ಸರ್ಕಾರಿ ಮೇಡಂ ಮಗ ಅಲ್ಲಿಗೇಕೆ ಎಂದು ನಗುವವರು ನಗಲಿ. ಅವರ ಮನೆಯಲ್ಲಿ ಹುಡುಗಿಯ ಅರ್ಜಿ ಬರೆದು ಮುಗಿಸುವಷ್ಟರಲ್ಲಿ ಅವಳಪ್ಪ ತನ್ನ ಡ್ರೈವಿಂಗ್ ಲೈಸೆನ್ಸ್ ತಂದು ಮುಂದಿಟ್ಟ.

"ನಂದೂ ಬರ್ಕೊಳ್ಳಿ ಮೇಡಂ. ಫೋಟೋನೂ ಐತೆ, ಅಡ್ರೆಸ್ಸೂ ಐತೆ."

"ಹುಟ್ಟಿದ್ದೆಲ್ಲಿ?"

"ನೇಪಾಳ."

ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ತಿಪಟೂರಿನ ಕೊಬ್ಬರಿ ಮಂಡಿ ಕಾಯುತ್ತಿದ್ದ ಅಪ್ಪನ ಸೊಂಟದ ಮೇಲೆ ಬಂದ ಕೂಸು, ಇಲ್ಲಿನ ಹುಡುಗಿಯನ್ನೇ ಮದುವೆಯಾದವನು. ನಮ್ಮೂರ ಮಾತು ನನಗಿಂತ ಚೆನ್ನಾಗಿ ಆಡುತ್ತಾನೆ. ಆದರೆ ಅರ್ಜಿಯಲ್ಲಿ ಭಾರತದ ಪ್ರಜೆ ಎಂದು ಸಹಿ ಹಾಕಬೇಕು. ಲೈಸೆನ್ಸಿರುವುದು ಗಾಡಿ ಓಡಿಸಲಷ್ಟೇ ಎಂದೆ.

"ನಿಮ್ಮ ಮಕ್ಕಳ ಜೀವಾನೆಲ್ಲಾ ನನ್ನ ಕೈಗೆ ಕೊಡ್ತೀರಿ, ಒಂದು ವೋಟಿನ ಬಟನ್ ಕೊಡಕ್ಕಾಗಲ್ವಾ?"

ನನಗೆ ರೇಗಿತು. ಕಾನೂನು ಮಾಡಿದ್ದು ನಾನೇನು? "ದೇವರು ಕೊಟ್ರೂ ಪೂಜಾರಿ ಕೊಡ" ಎಂದು ಅವನ ಹೆಂಡತಿ ನನಗೆ ಕೇಳುವಂತೆಯೇ ಗೊಣಗಿದಳು. ಆಮೇಲೆ ಹತ್ತಿರ ಬಂದು, "ಇಲ್ಲೇ ಹುಟ್ಟಿದ್ದು ಅಂತ ಹಾಕ್ಬುಡಿ, ಯಾರು ನೋಡ್ತಾರೆ?" ಎಂದಳು.

ಯಾರೂ ನೋಡುತ್ತಿರಲಿಲ್ಲ, ನಿಜ. ಹಾಕಿಬಿಡೋಣ ಎಂದು ನನಗೂ ಅನ್ನಿಸಿತು.

"ಸುಮ್ಕಿರೇ," ಎಂದು ಅವನೇ ತಡೆದ. "ನಾಳೆ ಯಾರಾದ್ರೂ ಕಡ್ಡಿ ಆಡ್ಸಿದ್ರೆ ಮಗಳ ಹೆಸರ್ನೂ ಕಿತ್ತಾಕ್ತಾರೆ. ಅವಳ್ದು ಉಳೀಲಿ."

ಲೈಸೆನ್ಸನ್ನು ಜೇಬಿಗಿಟ್ಟುಕೊಂಡ. ನನಗೆ ಸಂಕಟವಾಯಿತು. ಪೌರತ್ವಕ್ಕೆ ಬೇರೆಯೇ ಅರ್ಜಿ ಇದೆ, ತುಮಕೂರಿನ ಡಿ.ಸಿ. ಆಫೀಸಿಗೆ ಹೋಗಿ ವಿಚಾರಿಸು ಎಂದೆ. ಹೋದ, ಅರ್ಜಿಯನ್ನೂ ಹಾಕಿದ. ಚುನಾವಣೆ ಬಂತು, ಉತ್ತರ ಬರಲಿಲ್ಲ.

ವೋಟಿನ ದಿನ ನಾನು ಮತಗಟ್ಟೆಯಾಗಿದ್ದ ನಮ್ಮ ಶಾಲೆಯ ಹೊರಗೆ, ಕಿಟಕಿ ಪಕ್ಕ ಮೇಜು ಹಾಕಿಕೊಂಡು ಮತದಾರರ ಚೀಟಿ ಕೊಡುತ್ತಿದ್ದೆ. ಮಗಳನ್ನು ಕರೆತಂದವನು ಅವಳು ಒಳಗೆ ಹೋದಮೇಲೂ ಹೊರಡಲಿಲ್ಲ. ನನ್ನ ಪಕ್ಕದಲ್ಲೇ ನಿಂತು, ಯಾರೋ ಮಾತಾಡಿಸಿದರೆ ಕೈ ಎತ್ತಿ ಸುಮ್ಮನಾಗಿಸಿದ. ಒಳಗೆ ಅವಳು ಬಟನ್ ಒತ್ತಿದ್ದಕ್ಕೆ ವೋಟಿನ ಯಂತ್ರ ಉದ್ದಕ್ಕೆ ಕೂಗಿತು.

"ನಂಗೂ ಕೇಳುಸ್ತು ಕಣ್ರೀ ಮೇಡಂ," ಎಂದ.